ಮದ್ದು ಕೊಟ್ಟ ಕೈ

ಕನ್ನಡದಲ್ಲಿ ‘ಮದ್ದು’ ಎಂಬ ಮಾತಿಗೆ ಮೂರು ಅರ್ಥಗಳುಂಟು. ವೈದ್ಯನು ಅರೆದು ಜೇನಿನಲ್ಲಿ ಕಲಸಿ ಕೊಡುವುದು ಮದ್ದು. ಸಂಡೂರಿನ ಗಣಿಗಳಲ್ಲಿ ಬಂಡೆಗೆ ತೂತು ಕೊರೆದು, ಅದನ್ನು ಸಿಡಿಸುವುದಕ್ಕಾಗಿ ತುಂಬುವುದೂ ಮದ್ದು. ಆಗದವರು ಅನ್ನದಲ್ಲಿಯೋ ಎಲೆಯಡಿಕೆಯಲ್ಲಿಯೋ ಗುಟ್ಟಾಗಿ ಬೆರೆಸಿ ಕೊಟ್ಟರೆಂದು ಜನರು ಹೇಳುವುದೂ ಮದ್ದೇ. ಜೀವವನ್ನು ಉಳಿಸುವ ವಸ್ತುವಿಗೂ ತೆಗೆಯುವ ವಸ್ತುವಿಗೂ ಒಂದೇ ಹೆಸರಿಟ್ಟ ನಮ್ಮ ಹಿರಿಯರು ಮಾತಿಗೆ ಬಡವರಾಗಿದ್ದರೆ? ಹಾಗೆಂದು ನನಗೆ ತೋರುವುದಿಲ್ಲ. ವಸ್ತುವಿಗಿಂತ ಅದನ್ನು ಕೊಡುವ ಕೈ ಮುಖ್ಯವೆಂಬುದನ್ನು ಅವರು ಕಂಡುಕೊಂಡಿದ್ದರು. ಕೊಟ್ಟ ಕೈ ಯಾವುದೆಂದು ತಿಳಿಯದೆ ಮದ್ದು ಯಾವ ಬಗೆಯದೆಂದು ಹೇಳುವಂತಿಲ್ಲ.

ವಿಜಯನಗರದ ಕಾಲದಿಂದ ಮೊದಲುಗೊಂಡು ಅಚ್ಚಿನ ಕಾದಂಬರಿಗಳು ಕಣ್ಣುಬಿಟ್ಟ ಕಾಲದವರೆಗೆ ನಮ್ಮ ಕಥೆಗಾರರು ರೋಗವನ್ನೂ ವೈದ್ಯನನ್ನೂ ಹೇಗೆ ಕಂಡರು ಎಂಬುದು ಈ ಹೊತ್ತಿನ ವಿಷಯ. ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳ ಸುತ್ತಿನಲ್ಲಿಯೇ ಬೇಕಾದಷ್ಟು ಸಾಮಗ್ರಿ ಇದೆ. ಆ ಕಥೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಅವು ನಮ್ಮ ಇಂದಿನ ಬಾಳಿಗೂ ಒಂದು ಮಾತು ಹೇಳುತ್ತವೆ.

ಮೊದಲು ನಮ್ಮ ನೆಲದ ವೈದ್ಯನೊಬ್ಬನನ್ನು ನೆನೆಯೋಣ. ಹಂಪಿ ಆನೆಗೊಂದಿಗಳ ಸೀಮೆಯೇ ಕಿಷ್ಕಿಂಧೆಯೆಂದು ನಾವೆಲ್ಲ ನಂಬಿದ್ದೇವೆ. ಅಂಜನಾದ್ರಿಯನ್ನು ಹತ್ತಿದವರಿಗೆಲ್ಲ ಹನುಮಂತ ಗೊತ್ತು, ವಾಲಿ ಸುಗ್ರೀವರು ಗೊತ್ತು. ವಾಲಿಯ ಮಾವ, ಎಂದರೆ ತಾರೆಯ ತಂದೆಯಾದ ಸುಷೇಣನನ್ನು ನೆನೆಯುವವರು ಕಡಮೆ. ವಾಲ್ಮೀಕಿಯ ಯುದ್ಧಕಾಂಡದಲ್ಲಿ ರಾವಣನ ಶಕ್ತಿಯ ಏಟಿಗೆ ಲಕ್ಷ್ಮಣನು ಉರುಳಿದಾಗ, ರಾಮನು ತಮ್ಮನು ಸತ್ತನೆಂದೇ ತಿಳಿದು ಗೋಳಾಡುತ್ತಾನೆ. ಆಗ ಮುಂದೆ ಬಂದವನು ಈ ಸುಷೇಣ. ಅವನು ಮೊದಲು ಮಾಡಿದ ಕೆಲಸವೇನು? ಬಿದ್ದವನ ಮುಖವನ್ನು ನೋಡಿದ, ಅಂಗೈಯನ್ನು ನೋಡಿದ. ಮುಖದ ಕಾಂತಿ ಕೆಟ್ಟಿಲ್ಲ, ಆದ್ದರಿಂದ ಇವನು ಸತ್ತಿಲ್ಲ ಎಂದು ರಾಮನಿಗೆ ಧೈರ್ಯ ಹೇಳಿದ. ಹನುಮಂತನನ್ನು ಓಷಧಿಪರ್ವತಕ್ಕೆ ಅಟ್ಟಿದ್ದು ಆಮೇಲೆ. ವಿಶಲ್ಯಕರಣಿ, ಸಂಧಾನಕರಣಿ, ಸಾವರ್ಣ್ಯಕರಣಿ, ಸಂಜೀವಕರಣಿ ಎಂಬ ಮೂಲಿಕೆಗಳ ಹೆಸರು ಬರುವುದು ಅಲ್ಲಿಯೇ. ಮೊದಲು ಪರೀಕ್ಷೆ, ಆಮೇಲೆ ಸಮಾಧಾನ, ಕೊನೆಗೆ ಔಷಧ. ಈ ಮೂರರ ಕ್ರಮವನ್ನು ಗಮನಿಸಿರಿ.

ಇದೇ ಪ್ರಸಂಗವನ್ನು ಹದಿನಾರನೆಯ ಶತಮಾನದ ತುಲಸೀದಾಸರು ಬೇರೆ ಬಗೆಯಾಗಿ ಹೇಳುತ್ತಾರೆ. ರಕ್ಕಸತಂಗಡಿಯ ಯುದ್ಧ ನಡೆದು ವಿಜಯನಗರ ಹಾಳಾದದ್ದು ೧೫೬೫ರಲ್ಲಿ. ಅದಾದ ಒಂಬತ್ತು ವರ್ಷಕ್ಕೆ, ೧೫೭೪ರಲ್ಲಿ, ಅವರು ರಾಮಚರಿತಮಾನಸವನ್ನು ತೊಡಗಿದರು. ಅವರ ಸುಷೇಣ ಕಿಷ್ಕಿಂಧೆಯವನಲ್ಲ, ಲಂಕೆಯ ವೈದ್ಯ. ಹನುಮಂತನು ಲಂಕೆಗೆ ಹೋಗಿ ಅವನನ್ನು ಮನೆಸಮೇತ ಎತ್ತಿ ತರುತ್ತಾನೆ. ನೆಂಟನಾಗಿದ್ದ ವೈದ್ಯನು ಇಲ್ಲಿ ಹಗೆಯ ಪಾಳೆಯದವನಾದ! ಹಗೆಯ ಊರಿನ ವೈದ್ಯನು ಹೇಳಿದ ಔಷಧವನ್ನು ತಮ್ಮನ ಬಾಯಿಗೆ ಹಾಕಬಹುದೆ? ರಾಮನು ಹಾಕಿದ. ವೈದ್ಯನಿಗೆ ಪಕ್ಷವಿಲ್ಲವೆಂಬ ದೊಡ್ಡ ಮಾತನ್ನು ಈ ಸಣ್ಣ ಬದಲಾವಣೆ ಹೇಳಿಬಿಡುತ್ತದೆ.

ಆದರೆ ಆ ಕಾಲದ ಅರಮನೆಗಳಲ್ಲಿ ಇಂಥ ನಂಬಿಕೆ ಸುಲಭವಾಗಿರಲಿಲ್ಲ. ಅರಸನ ಹಾಸಿಗೆಯ ಬಳಿ ರೋಗ ಸುಳಿಯಿತೆಂದರೆ ಮೊದಲು ಹುಟ್ಟುತ್ತಿದ್ದುದು ವಿಷದ ಸಂದೇಹ. ವಿಜಯನಗರ ರಾಜ್ಯ ಹುಟ್ಟಿ ಇನ್ನೂ ಬಹಳ ವರ್ಷವಾಗಿರದ ಹದಿನಾಲ್ಕನೆಯ ಶತಮಾನದಲ್ಲಿಯೇ ಜೈನಕವಿ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ಕನ್ನಡ ಕಾವ್ಯವನ್ನು ಬರೆದ. ಖಗೇಂದ್ರನೆಂದರೆ ಗರುಡ, ಹಾವಿನ ಹಗೆ. ಹೆಸರಿಗೆ ತಕ್ಕಂತೆ ಅದು ಆದ್ಯಂತವೂ ವಿಷವೈದ್ಯ. ಗಿಡ, ಬೇರು, ಕಲ್ಲುಗಳಿಂದ ಬರುವ ಸ್ಥಾವರವಿಷ, ಹಾವು, ಚೇಳು ಮೊದಲಾದವುಗಳಿಂದ ಬರುವ ಜಂಗಮವಿಷ, ಅವಕ್ಕೆ ಮಾಡಬೇಕಾದ ಚಿಕಿತ್ಸೆ, ಇವೆಲ್ಲವನ್ನೂ ಅವನು ಪದ್ಯಗಳಲ್ಲಿ ಹೇಳಿದ್ದಾನೆ. ಸಂಸ್ಕೃತ ಬಾರದವನ ಮನೆಗೂ ವೈದ್ಯ ತಲಪಲೆಂದು ಕನ್ನಡದಲ್ಲಿ ಬರೆದ ಇಂಥ ಕವಿಗಳ ಉಪಕಾರ ಸಣ್ಣದಲ್ಲ.

ಅರಸನ ಅಡಿಗೆಮನೆಯನ್ನು ಕಾಯುವುದು ಹೇಗೆಂಬುದನ್ನು ಇವನಿಗಿಂತ ಬಹು ಹಿಂದೆಯೇ ಸುಶ್ರುತಸಂಹಿತೆಯ ಕಲ್ಪಸ್ಥಾನ ವಿವರಿಸಿದೆ. ವಿಷದ ಅನ್ನವನ್ನು ಬೆಂಕಿಗೆ ಹಾಕಿದರೆ ಉರಿಯ ಬಣ್ಣ ನವಿಲಿನ ಕೊರಳಿನಂತೆ ಆಗುತ್ತದಂತೆ. ಚಕೋರಪಕ್ಷಿಯ ಕಣ್ಣಿನ ಬಣ್ಣ ಕೆಡುತ್ತದಂತೆ. ವಿಷವಿಕ್ಕಿದವನನ್ನು ಗುರುತಿಸುವ ಚಿಹ್ನೆಗಳೂ ಅಲ್ಲಿವೆ. ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ತೊದಲುತ್ತಾನೆ, ನೆಲವನ್ನು ಗೀರುತ್ತಾನೆ, ಕಾರಣವಿಲ್ಲದೆ ನಗುತ್ತಾನೆ. ಇಷ್ಟನ್ನು ಹೇಳಿ ಗ್ರಂಥಕಾರನು ನಿಲ್ಲಿಸಿದ್ದರೆ ಅದು ಗೂಢಚಾರರ ಕೈಪಿಡಿಯಾಗುತ್ತಿತ್ತು. ಆದರೆ ಅವನು ಇನ್ನೊಂದು ಮಾತನ್ನು ಸೇರಿಸಿದ. ಅರಸನ ಭಯದಿಂದ, ಅವನ ಅಪ್ಪಣೆಯ ಅವಸರದಿಂದ, ಒಳ್ಳೆಯವರು ಕೂಡ ಕೆಟ್ಟವರ ಹಾಗೆ ನಡೆದುಕೊಳ್ಳುವುದುಂಟು. ಆದುದರಿಂದ ಪರೀಕ್ಷೆ ಮಾಡಿ ನೋಡಬೇಕು ಎಂದ. ಹೆದರಿಕೆಯೂ ಅಪರಾಧವೂ ಹೊರಗಿನಿಂದ ಒಂದೇ ತರಹ ಕಾಣುತ್ತವೆ. ಎಂಥ ವಿವೇಕದ ಮಾತು ನೋಡಿರಿ! ವೈದ್ಯಶಾಸ್ತ್ರ ನ್ಯಾಯಶಾಸ್ತ್ರಕ್ಕೆ ಹೇಳಿಕೊಟ್ಟ ಪಾಠವಿದು.

ಈ ಪಾಠವನ್ನು ಮರೆತರೆ ಏನಾಗುವುದೆಂಬುದಕ್ಕೆ ಹಂಪಿಯ ಕಥೆಯೊಂದಿದೆ. ೧೫೩೫ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನು ತಾನು ಕೇಳಿದ್ದನ್ನು ಬರೆದಿಟ್ಟಿದ್ದಾನೆ. ಕೃಷ್ಣದೇವರಾಯನು ಆರು ವರ್ಷದ ಮಗನಿಗೆ ಪಟ್ಟ ಕಟ್ಟಿದ. ಉತ್ಸವಗಳು ನಡೆಯುತ್ತಿರುವಾಗಲೇ ಹುಡುಗನು ಕಾಯಿಲೆ ಬಿದ್ದು ಸತ್ತ. ಮಂತ್ರಿ ತಿಮ್ಮರಸನ ಮಗನು ವಿಷವಿಕ್ಕಿದನೆಂಬ ಮಾತು ಅರಸನ ಕಿವಿಗೆ ಬಿತ್ತು. ತಿಮ್ಮರಸನೂ ಅವನ ಮಕ್ಕಳೂ ಸೆರೆಮನೆ ಸೇರಿದರು. ಕೊನೆಗೆ ಮುದಿಮಂತ್ರಿಯ ಕಣ್ಣುಗಳನ್ನು ಕೀಳಿಸಲಾಯಿತು. ಇದೇ ನೂನಿಜನು ಹೇಳುವ ಮತ್ತೊಂದು ಕಥೆಯನ್ನು ಇದರ ಪಕ್ಕದಲ್ಲಿಡಬೇಕು. ಕೃಷ್ಣರಾಯನು ಪಟ್ಟಕ್ಕೆ ಬರುವ ಮೊದಲು ಅವನ ಕಣ್ಣು ಕೀಳಿಸೆಂದು ಸಾಯುತ್ತಿದ್ದ ಅಣ್ಣನು ಅಪ್ಪಣೆ ಮಾಡಿದ್ದ. ಆಡಿನ ಕಣ್ಣುಗಳನ್ನು ತಂದು ತೋರಿಸಿ ಅವನನ್ನು ಉಳಿಸಿದವನು ಈ ತಿಮ್ಮರಸನೇ. ಕಣ್ಣು ಉಳಿಸಿದವನ ಕಣ್ಣು ಹೋಯಿತು.

ಇವು ನಡೆದದ್ದೆಷ್ಟು, ಕಟ್ಟಿದ್ದೆಷ್ಟು ಎಂಬುದು ಚರಿತ್ರಕಾರರ ಪ್ರಶ್ನೆ. ಕಥೆಯಾಗಿ ಓದುವ ನಮಗೆ ಕಾಣುವುದು ಇದು. ಆರು ವರ್ಷದ ಕೂಸುಗಳು ಆ ಕಾಲದಲ್ಲಿ ಜ್ವರಕ್ಕೆ, ಭೇದಿಗೆ, ಸಿಡುಬಿಗೆ ಮನೆಮನೆಯಲ್ಲಿ ಸಾಯುತ್ತಿದ್ದವು. ಬಡವನ ಕೂಸು ಸತ್ತರೆ ಹಣೆಯ ಬರಹ. ಅರಸನ ಕೂಸು ಸತ್ತರೆ ಮಾತ್ರ ಯಾರೋ ಕೊಂದಿರಲೇಬೇಕು. ದುಃಖಕ್ಕೆ ಒಬ್ಬ ಅಪರಾಧಿ ಬೇಕಾಗಿತ್ತು. ಅತಿ ಹತ್ತಿರದಲ್ಲಿ ನಿಂತಿದ್ದವನು ಸಿಕ್ಕಿದ.

ಹಂಪಿಯಿಂದ ಕಂಪ್ಲಿಗೆ ಬಂದರೆ ಇದಕ್ಕೆ ಎದುರಾದ ಕಥೆ ಸಿಕ್ಕುತ್ತದೆ. ನಂಜುಂಡ ಕವಿಯೂ ಪಾಂಚಾಳ ಗಂಗನೂ ಸಾಂಗತ್ಯದಲ್ಲಿ ಹೇಳಿದ, ನಮ್ಮ ಜನಪದರೂ ಹಾಡಿಕೊಂಡು ಬಂದ ಕುಮಾರರಾಮನ ಕಥೆ ನಿಮಗೆ ಗೊತ್ತಿದ್ದೀತು. ಕುಮಾರರಾಮನು ಆಡುತ್ತಿದ್ದ ಚೆಂಡು ಮಲತಾಯಿ ರತ್ನಾಜಿಯ ಅರಮನೆಯಲ್ಲಿ ಬಿತ್ತು. ತರಲು ಹೋದವನನ್ನು ಅವಳು ಮೋಹಿಸಿದಳು, ಅವನು ಒಪ್ಪಲಿಲ್ಲ, ಅವಳು ಗಂಡನಲ್ಲಿ ದೂರು ಹೇಳಿದಳು. ಕಂಪಿಲರಾಯನು ವಿಚಾರಿಸದೆ ಮಗನ ತಲೆ ಕಡಿಯಿರೆಂದ. ಮಂತ್ರಿ ಬೈಚಪ್ಪನು ಅರಸನೊಡನೆ ವಾದಕ್ಕೆ ನಿಲ್ಲಲಿಲ್ಲ. ಬೇರೊಂದು ತಲೆಯನ್ನು ತೋರಿಸಿ ರಾಮನನ್ನು ನೆಲಮನೆಯಲ್ಲಿ ಬಚ್ಚಿಟ್ಟ. ಮುಂದೆ ದೆಹಲಿಯ ದಂಡು ಕೋಟೆಗೆ ಮುತ್ತಿಗೆ ಹಾಕಿದಾಗ, ಮಗನಿಲ್ಲವಲ್ಲ ಎಂದು ಅರಸನು ಮರುಗುತ್ತಿರುವಾಗ, ರಾಮನು ಜೀವಂತವಾಗಿ ಎದುರಿಗೆ ಬಂದ. ಬೈಚಪ್ಪನು ವೈದ್ಯನಲ್ಲ ನಿಜ. ಆದರೆ ಸಂದೇಹವೆಂಬ ಜ್ವರ ನೆತ್ತಿಗೇರಿದಾಗ ಕೊಡಬೇಕಾದ ಔಷಧ ಯಾವುದೆಂದು ಅವನಿಗೆ ತಿಳಿದಿತ್ತು. ಅದು ಕಾಲ. ಜ್ವರ ಇಳಿಯುವತನಕ ತಲೆ ಕಡಿಯದಂತೆ ನೋಡಿಕೊಳ್ಳುವುದೇ ಅಲ್ಲಿಯ ಚಿಕಿತ್ಸೆ. ಹಂಪಿಯ ಅರಸನಿಗೆ ಆ ಗಳಿಗೆಯಲ್ಲಿ ಅಂಥ ಒಬ್ಬ ಬೈಚಪ್ಪನಿರಲಿಲ್ಲ.

ಇನ್ನು ಲಕ್ಷ್ಮೀಶನ ಜೈಮಿನಿ ಭಾರತ. ಕನ್ನಡ ಓದಿದವರ ಮನೆಗಳಲ್ಲಿ ಇದರಷ್ಟು ಬಾಯಿಪಾಠವಾದ ಕಾವ್ಯ ಇನ್ನೊಂದಿಲ್ಲವೆನ್ನಬಹುದು. ಅದರ ಚಂದ್ರಹಾಸನ ಕಥೆ ನಡೆಯುವುದು ಕುಂತಳದೇಶದಲ್ಲಿ. ಮಂತ್ರಿ ದುಷ್ಟಬುದ್ಧಿಯು ಅನಾಥನಾದ ಹುಡುಗನನ್ನು ಕೊಲ್ಲಲು ಕಟುಕರನ್ನು ಕಳಿಸುತ್ತಾನೆ. ಅವರಿಗೆ ಕನಿಕರ ಹುಟ್ಟಿ, ಹುಡುಗನ ಕಾಲಿನಲ್ಲಿದ್ದ ಆರನೆಯ ಬೆರಳನ್ನು ಮಾತ್ರ ಕತ್ತರಿಸಿ ಗುರುತಿಗೆ ಒಯ್ಯುತ್ತಾರೆ. ಆ ಹೆಚ್ಚಿನ ಬೆರಳು ಅವಲಕ್ಷಣ; ಅದು ಹೋದದ್ದೇ ಒಳ್ಳೆಯದಾಯಿತು. ಕೊಲ್ಲಬಂದವರು ಶಸ್ತ್ರವೈದ್ಯರಾಗಿ ಹಿಂತಿರುಗಿದರು! ಹುಡುಗನು ಬೆಳೆದ ಮೇಲೆ ಮಂತ್ರಿಯು ಅವನ ಕೈಯಲ್ಲಿಯೇ ತನ್ನ ಮಗನಿಗೆ ಓಲೆ ಕಳಿಸುತ್ತಾನೆ. ಇವನಿಗೆ ವಿಷವನ್ನು ಕೊಡು ಎಂದು ಅದರ ತಾತ್ಪರ್ಯ. ಮಂತ್ರಿಯ ಮಗಳು ವಿಷಯೆಯು ಉದ್ಯಾನದಲ್ಲಿ ಮಲಗಿದ್ದ ಚೆಲುವನ ಬಳಿ ಆ ಓಲೆಯನ್ನು ಕಂಡು, ಕಣ್ಣಿನ ಕಾಡಿಗೆಯಿಂದ ಒಂದಕ್ಷರ ತಿದ್ದುತ್ತಾಳೆ. ‘ವಿಷ’ ಹೋಗಿ ‘ವಿಷಯೆ’ಯಾಯಿತು, ಸಾವು ಹೋಗಿ ಮದುವೆಯಾಯಿತು. ವಿಷಕ್ಕೂ ಬಾಳಿಗೂ ನಡುವೆ ಒಂದಕ್ಷರದ ದೂರ. ಅದನ್ನು ದಾಟಿಸಿದ್ದು ಬರೆದ ಕೈಯಲ್ಲ, ತಿದ್ದಿದ ಕೈ.

ಈ ಪರಂಪರೆಯ ಕೊನೆಗೆ, ಹೊಸ ಗದ್ಯದ ಬಾಗಿಲಲ್ಲಿ, ೧೮೨೩ರಲ್ಲಿ ಕೆಂಪುನಾರಾಯಣನು ಬರೆದ ‘ಮುದ್ರಾಮಂಜೂಷ’ ನಿಂತಿದೆ. ವಿಶಾಖದತ್ತನ ಸಂಸ್ಕೃತ ನಾಟಕ ‘ಮುದ್ರಾರಾಕ್ಷಸ’ದಲ್ಲಿ ಬರುವ ಚಾಣಕ್ಯ ರಾಕ್ಷಸರ ಕಥೆಯೇ ಇದರ ವಸ್ತು. ಆ ನಾಟಕದಲ್ಲಿ ಅಭಯದತ್ತನೆಂಬ ವೈದ್ಯನಿದ್ದಾನೆ. ಹೆಸರೇ ಅಭಯ, ಮಾಡಿದ್ದು ಚಂದ್ರಗುಪ್ತನ ಔಷಧದಲ್ಲಿ ವಿಷ ಬೆರೆಸುವ ಕೆಲಸ. ಚಾಣಕ್ಯನು ಆ ಔಷಧ ಚಿನ್ನದ ಪಾತ್ರೆಯಲ್ಲಿ ಬಣ್ಣ ತಿರುಗಿದ್ದನ್ನು ಕಂಡು ಅರಸನನ್ನು ತಡೆದ, ವೈದ್ಯನಿಗೇ ಅದನ್ನು ಕುಡಿಸಿದ, ವೈದ್ಯನು ಸತ್ತ. ಚಾಣಕ್ಯನು ಕ್ರೂರಿ ಹೌದು. ಆದರೂ ಅವನಿಗೂ ಹಂಪಿಯ ಅರಸನಿಗೂ ಇರುವ ಅಂತರವನ್ನು ನೋಡಿರಿ. ಚಾಣಕ್ಯನು ನೋಡಿದ್ದು ಪಾತ್ರೆಯನ್ನು. ಅರಸನು ಕೇಳಿದ್ದು ಮಾತನ್ನು. ಪಾತ್ರೆಯನ್ನು ನೋಡುವುದು ವೈದ್ಯ, ಮಾತನ್ನು ಕೇಳಿ ಮುನಿಯುವುದು ರೋಗ.

ಇದೆಲ್ಲ ಹಳೆಯ ಅರಮನೆಯ ಮಾತು, ನಮಗೇಕೆ ಎಂದು ನೀವು ಕೇಳಬಹುದು. ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ಚಂದ್ರಹಾಸನ ಕಥೆ ಹೇಳುತ್ತಿದ್ದಾಗ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ನಮ್ಮಪ್ಪಗೂ ಮದ್ದು ಹಾಕ್ಯಾರಂತ್ರಿ. ನಮ್ಮ ದೊಡ್ಡವ್ವನೇ ಹಾಕಿದ್ದು ಅಂತ ನಮ್ಮವ್ವ ಅಂತಾಳ್ರಿ” ಎಂದಳು. ತರಗತಿ ನಗಲಿಲ್ಲ. ನಾಲ್ಕೈದು ತಲೆಗಳು ‘ಹೌದು’ ಎಂಬಂತೆ ಆಡಿದವು. ತಂದೆಗೆ ಆರು ತಿಂಗಳಿಂದ ಅನ್ನ ಸೇರದು, ಮೈ ಬತ್ತುತ್ತಿದೆ, ಸಂಜೆಗೆ ಮೈ ಕಾಯುತ್ತದೆ. ಮದ್ದು ಕಕ್ಕಿಸುವವರ ಬಳಿಗೆ ಎರಡು ಸಲ ಹೋಗಿಬಂದಿದ್ದರು. ಎರಡು ಮನೆಗಳ ನಡುವೆ ಮಾತು ನಿಂತಿತ್ತು. ಕೊನೆಗೆ ಕಫದ ಪರೀಕ್ಷೆಯಾಯಿತು, ಕ್ಷಯವೆಂದು ತಿಳಿಯಿತು, ಆರು ತಿಂಗಳ ಗುಳಿಗೆಯಿಂದ ಗುಣವಾಯಿತು. ಆದರೆ ನಿಂತ ಮಾತು ಹಾಗೆಯೇ ನಿಂತಿತು. ಕ್ಷಯದ ರೋಗಾಣುವನ್ನು ಕಾಕ್ ಎಂಬ ಜರ್ಮನ್ ವೈದ್ಯನು ತೋರಿಸಿಕೊಟ್ಟದ್ದು ೧೮೮೨ರಲ್ಲಿ. ಅದು ಗುಳಿಗೆಯಿಂದ ಸಾಯುತ್ತದೆ. ಸಂದೇಹದ ಅಣುವಿಗೆ ಗುಳಿಗೆ ಇನ್ನೂ ಬಂದಿಲ್ಲ.

ಈ ನಂಬಿಕೆ ಹಳ್ಳಿಯ ಮೂಢರು ಹುಟ್ಟಿಸಿದ್ದೆಂದು ಹಗುರವಾಗಿ ಹೇಳುವಂತಿಲ್ಲ. ಗಂಡನನ್ನು ಒಲಿಸಿಕೊಳ್ಳಲು ಹೆಂಗಸರು ಅನ್ನದಲ್ಲಿ ಬೆರೆಸುವರೆಂದು ಹೇಳಲಾದ ‘ಗರ’ವೆಂಬ ಕೂಟವಿಷದ ಮಾತು ಚರಕಸಂಹಿತೆಯಲ್ಲಿಯೇ ಉಂಟು. ಅರಮನೆಯ ಹೆದರಿಕೆ ಗ್ರಂಥಕ್ಕೆ ಇಳಿಯಿತು, ಗ್ರಂಥದಿಂದ ಕಥೆಗೆ, ಕಥೆಯಿಂದ ಅಡಿಗೆಮನೆಗೆ. ಹಾಗೆ ಇಳಿಯುವಾಗ ಸುಶ್ರುತನ ಎಚ್ಚರಿಕೆಯ ಮಾತು ದಾರಿಯಲ್ಲಿ ಬಿದ್ದುಹೋಯಿತು. ಉಳಿದದ್ದು ಸಂದೇಹ ಮಾತ್ರ. ಅದರ ಭಾರವೆಲ್ಲ ಹೆಚ್ಚಾಗಿ ಬಿದ್ದದ್ದು ವಿಧವೆಯ ಮೇಲೆ, ಮಕ್ಕಳಿಲ್ಲದವಳ ಮೇಲೆ, ಓರಗಿತ್ತಿಯ ಮೇಲೆ.

ಇಪ್ಪತ್ತನೆಯ ಶತಮಾನದ ಕಾದಂಬರಿ ಈ ಭಾರವನ್ನು ಇಳಿಸಲು ಯತ್ನಿಸಿತು. ಅಷ್ಟರಲ್ಲಿ ರೋಗದ ಕಾರಣವೇ ಬೇರೆಯಾಗಿತ್ತು. ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬಾತನು ಮಲೇರಿಯಾದ ಮೂಲವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡ. ರಾಯ ಕಾಲುವೆ, ಬಸವಣ್ಣ ಕಾಲುವೆ, ಕಂಪ್ಲಿ ಕಾಲುವೆಗಳ ಬಯಲಿನಲ್ಲಿ ಬತ್ತ ಬಾಳೆ ಕಬ್ಬುಗಳನ್ನು ಬೆಳೆಯುವ ನಮಗೆ ಚಳಿಜ್ವರದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ೧೮೯೬ರಲ್ಲಿ ಮುಂಬಯಿಗೆ ಬಂದ ಪ್ಲೇಗು ಎರಡು ವರ್ಷಗಳಲ್ಲಿ ಕನ್ನಡನಾಡಿನ ಊರುಗಳಿಗೂ ಹಬ್ಬಿತು. ಅದು ಇಲಿಯ ಚಿಗಟದಿಂದ ಬರುವುದೆಂದು ೧೮೯೮ರಲ್ಲಿ ಸಿಮೋಂಡ್ ಎಂಬ ಫ್ರೆಂಚ್ ವೈದ್ಯನು ಸಾರಿದ. ಎಂದರೆ, ರೋಗಕ್ಕೆ ಕಾರಣವುಂಟು, ಹಗೆಯಿಲ್ಲ. ಸೊಳ್ಳೆಗೆ ನಮ್ಮ ಮೇಲೆ ದ್ವೇಷವಿದೆಯೆ?

ಕಾರಂತರ ‘ಚೋಮನ ದುಡಿ’ ೧೯೩೩ರದು. ಕಾಫಿತೋಟಕ್ಕೆ ದುಡಿಯಲು ಹೋದ ಮಗ ಚನಿಯನು ಜ್ವರ ಹೊತ್ತುಕೊಂಡು ಬಂದು ಗುಡಿಸಲಿನಲ್ಲಿ ಸಾಯುತ್ತಾನೆ. ಅಲ್ಲಿ ವಿಷವಿಕ್ಕಿದವರಿಲ್ಲ, ಸಾಲವಿದೆ, ತೋಟವಿದೆ, ಜ್ವರವಿದೆ. ಅರಸನ ಕೂಸಿಗೆ ಸಂದ ಶೋಕ ಮೊದಲ ಬಾರಿಗೆ ಚೋಮನ ಮಗನಿಗೂ ಸಂದಿತು. ಅನಂತಮೂರ್ತಿಯವರ ‘ಸಂಸ್ಕಾರ’ ೧೯೬೫ರದು. ಶಿವಮೊಗ್ಗೆಯಿಂದ ಜ್ವರ ತಂದ ನಾರಣಪ್ಪ ಸಾಯುತ್ತಾನೆ; ಅಗ್ರಹಾರದಲ್ಲಿ ಇಲಿಗಳು ಬೀಳುತ್ತವೆ, ಹದ್ದುಗಳು ಇಳಿಯುತ್ತವೆ. ಓದುವ ನಮಗೆ ಪ್ಲೇಗು ಕಾಣುತ್ತದೆ. ಅಗ್ರಹಾರದವರಿಗೆ ಹೆಣದ ಮೈಲಿಗೆ ಕಾಣುತ್ತದೆ. ಚಿಹ್ನೆಗಳೆಲ್ಲ ಕಣ್ಣ ಮುಂದೆಯೇ ಇದ್ದರೂ ಅವನ್ನು ಓದಬಲ್ಲ ಸುಷೇಣನೊಬ್ಬನು ಅಲ್ಲಿರಲಿಲ್ಲ.

ತ್ರಿವೇಣಿಯವರ ‘ಶರಪಂಜರ’ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬಾಣಂತಿತನದಲ್ಲಿ ಮನಸ್ಸಿನ ಕಾಯಿಲೆಗೆ ಗುರಿಯಾದ ಕಾವೇರಿ ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಬರುತ್ತಾಳೆ. ವೈದ್ಯನು ತನ್ನ ಕೆಲಸವನ್ನು ಮಾಡಿ ಮುಗಿಸಿದ್ದಾನೆ. ಆದರೆ ಅವಳು ನಕ್ಕರೂ ಹುಚ್ಚು, ಅತ್ತರೂ ಹುಚ್ಚು ಎಂದು ನೋಡುವ ಕಣ್ಣುಗಳ ನಡುವೆ ಅವಳು ಮತ್ತೆ ಕುಸಿಯುತ್ತಾಳೆ. ಒಳ್ಳೆಯವರೂ ಹೆದರಿಕೆಯಿಂದ ಕೆಟ್ಟವರ ಹಾಗೆ ಕಾಣಬಹುದೆಂದು ಸುಶ್ರುತನು ಹೇಳಿದನಲ್ಲವೆ? ಗುಣವಾದವರೂ ಸಂದೇಹದಿಂದ ರೋಗಿಗಳ ಹಾಗೆ ಕಾಣಬಹುದೆಂದು ತ್ರಿವೇಣಿಯವರು ತೋರಿಸಿದರು. ೨೦೨೦ರ ಕೋವಿಡ್ ಕಾಲದಲ್ಲಿ, ರೋಗಿಗಳ ಸೇವೆ ಮಾಡಿ ಬಂದ ದಾದಿಯರಿಗೇ ಬಾಡಿಗೆ ಮನೆಯ ಬಾಗಿಲು ಮುಚ್ಚಿದವರ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಕಥೆ ಹಳೆಯದಾಗಲಿಲ್ಲ.

ಆದುದರಿಂದ ಓದುಗರೆ, ಹಳೆಯ ಕಾವ್ಯಗಳಲ್ಲಿ ವಿಷ ಬಂದಾಗ, ಹೊಸ ಕಾದಂಬರಿಗಳಲ್ಲಿ ಜ್ವರ ಬಂದಾಗ, ಮುಂದೇನಾಯಿತೆಂದು ಹಾಳೆ ತಿರುವುವ ಮುನ್ನ ಒಂದು ಗಳಿಗೆ ನಿಲ್ಲಿರಿ. ಅಲ್ಲಿ ಯಾರು ಪಾತ್ರೆಯನ್ನು ನೋಡಿದರು, ಯಾರು ಬರಿಯ ಮಾತನ್ನು ಕೇಳಿದರು, ಯಾರು ಕಾಲ ಕೊಟ್ಟರು, ಯಾರು ಒಂದಕ್ಷರ ತಿದ್ದಿದರು ಎಂದು ಕೇಳಿಕೊಳ್ಳಿರಿ. ನಿಮ್ಮ ಮನೆಯಲ್ಲಿ ಯಾರಾದರೂ ಉಣ್ಣದೆ, ಬತ್ತಿ, ಮಂಚ ಹಿಡಿದರೆ ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯಲ್ಲಿ ಸಿಕ್ಕವರು, ಇದು ಯಾರೋ ಹಾಕಿದ ಮದ್ದೆಂದು ಹೆಸರು ಹೇಳಬಂದರೆ, ಬೈಚಪ್ಪನಂತೆ ಆ ಹೆಸರನ್ನು ನೆಲಮನೆಯಲ್ಲಿ ಬಚ್ಚಿಡಿರಿ. ಕಾಯಿಲೆ ವಾಸಿಯಾದ ಮೇಲೆ ಆ ಮನೆಯವರೊಡನೆ ಮಾತಾಡಲು, ಅವರು ಕೊಟ್ಟ ಅಂಬಲಿಯನ್ನು ಕುಡಿಯಲು, ದಾರಿ ಉಳಿದಿರಬೇಕಲ್ಲವೆ?